ನಿಂತ ಬೆಳಕು

ನಮ್ಮೂರಲ್ಲಿ ಬೆಳಕು ಇಳಿಜಾರು ಕಂಡ ಕಡೆ ಹರಿಯುತ್ತದೆ. ಹಗಲಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಮೇಲಿಂದ ಸುರಿಯುತ್ತಲೇ ಇರುವುದರಿಂದ ಹರಿದು ಹೋದಷ್ಟೂ ತುಂಬಿಕೊಳ್ಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಮಾತ್ರ ಗೊತ್ತಾಗುವುದು. ಮೇಲ್ಪೇಟೆಯ ಕಂಬದಲ್ಲಿ ಹತ್ತಿದ ದೀಪದ ಬೆಳಕು ಕಂಬದ ಬುಡಕ್ಕೆ ಬಿದ್ದು, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ನಡುಪೇಟೆಯಲ್ಲಿ ನಮ್ಮಂಥವರ ಮನೆ ಮುಂದೆ ಹಾದು, ಕೊನೆಗೆ ಊರಿನ ತಳದಲ್ಲಿರುವ ಹೊಂಡದ ಕೇರಿಗೆ ಹೋಗಿ ನಿಲ್ಲುತ್ತದೆ. ಮನೆಯೊಳಗಿನ ದೀಪದ ಬೆಳಕು ಹೊರಗೆ ಹೋಗದಿರಲಿ ಎಂದೇ ನಮ್ಮ ಹೊಸ್ತಿಲುಗಳು ಮೊಣಕಾಲೆತ್ತರ. ಬೇರೆ ಊರಿನ ನೆಂಟರು ಎಡವಿ ಬಿದ್ದು ಬೈಯುತ್ತಾರೆ. ನಾವು ಬೇರೆ ಊರಿಗೆ ಹೋದಾಗ ಏನೂ ಇಲ್ಲದ ಬಾಗಿಲಲ್ಲಿ ಕಾಲೆತ್ತಿ ಇಟ್ಟು ನಗೆಪಾಟಲಾಗುತ್ತೇವೆ.

ನಾನು ಹೇಳಹೊರಟಿದ್ದು ನನ್ನ ಅತ್ತಿಗೆ ಚಂಪಕಮಾಲೆಯವರ ಸಂಗತಿ. ನನ್ನಣ್ಣ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಮನೆಯ ಮುಂದಿನ ಕೋಣೆಯಲ್ಲಿ ಅತ್ತಿಗೆ ದೀಪದ ಅಂಗಡಿ ಇಟ್ಟಿದ್ದರು. ಬಿಡಿಭಾಗ ತಂದು ನಾವೇ ದೀಪ ಜೋಡಿಸಿ ಕೊಡುತ್ತಿದ್ದೆವು. ಬೆಸುಗೆ ಹಾಕುವುದು, ತಂತಿ ಸೇರಿಸುವುದು ನನ್ನ ಕೆಲಸ. ಯಾವ ಸಾಮಾನು ತರಬೇಕು, ಯಾವ ದೀಪ ಎಲ್ಲಿಗೆ ಹೊಂದುತ್ತದೆ ಎಂದು ಗೊತ್ತುಮಾಡುವುದು ಅವರ ಕೆಲಸ. ಆ ವಿಷಯದಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ.

ಅತ್ತಿಗೆ ಹೊಂಡದ ಕೇರಿಯ ಹೆಣ್ಣುಮಗಳು. ಅಲ್ಲಿ ಸಂಜೆಯಾದರೆ ಮೇಲಿಂದ ಇಳಿದ ಬೆಳಕು ಮೊದಲು ಅಂಗಳ ತುಂಬುತ್ತದೆ, ಆಮೇಲೆ ಜಗಲಿ, ಆಮೇಲೆ ಕಿಟಕಿ. ಬೆಳಗಾಗುವ ತನಕ ಇಂಗುವುದಿಲ್ಲ. ಆ ಬಿಟ್ಟಿ ಬೆಳಕನ್ನು ನಂಬಿಯೇ ಅಲ್ಲಿ ಮಗ್ಗಗಳು ನಿಂತವು, ಊದುಬತ್ತಿ ಹೊಸೆಯುವವರು ಬಂದರು, ರಾತ್ರಿಪಾಳಿ ಎಂಬುದು ಹುಟ್ಟುಗುಣವಾಯಿತು. ಕೂಸುಗಳನ್ನು ಕರಿಕಂಬಳಿಯ ಗುಡಾರದೊಳಗೆ ಮಲಗಿಸುತ್ತಾರೆ. ಮುದುಕರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಆದರೂ ರೆಪ್ಪೆಯ ಸಂದಿನಲ್ಲಿ ಅದು ಒಳಗಿಳಿಯುತ್ತದೆ. ಮದುವೆಯಾಗಿ ನಡುಪೇಟೆಗೆ ಬಂದ ಹೊಸದರಲ್ಲಿ ಅತ್ತಿಗೆ ಮಲಗಿದರೆ ಮೇಲೇಳುತ್ತಲೇ ಇರಲಿಲ್ಲವಂತೆ. ಸೊಸೆ ಸೋಮಾರಿ ಎಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಮೇಲ್ಪೇಟೆಯ ಹಳೆಯ ಹಳದಿ ದೀಪಗಳು ಒಂದೊಂದಾಗಿ ಸುಟ್ಟುಹೋಗುತ್ತಿದ್ದ ಕಾಲ ಅದು. ಅಂಥ ಬಲ್ಬುಗಳ ತಯಾರಿಕೆಯೇ ನಿಂತುಹೋಗಿತ್ತು. ಒಂದು ಬೆಳಿಗ್ಗೆ ಪಂಪಾಪತಿ ಮೇಷ್ಟ್ರು ಅಂಗಡಿಗೆ ಬಂದರು. ಅತ್ತಿಗೆಗೆ ಕನ್ನಡ ಕಲಿಸಿದವರು, ಈಗ ನಿವೃತ್ತರಾಗಿ ಮೇಲ್ಪೇಟೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಅತ್ತಿಗೆ ಎದ್ದು ಕುರ್ಚಿ ಒರೆಸಿ ಕೊಟ್ಟರು.

“ಕಂಬದ ದೀಪ ಎಲ್ಲಾ ಎಲ್‌ಇಡಿ ಮಾಡಿಸಬೇಕು ಅಂತ ಸಂಘದಲ್ಲಿ ತೀರ್ಮಾನ ಆಗಿದೆಯಮ್ಮ,” ಎಂದರು ಮೇಷ್ಟ್ರು. “ಆದರೆ ಒಂದು ಮಾತು. ನಿನ್ನ ತವರು ಎಲ್ಲಿ ಅಂತ ನನಗೆ ಗೊತ್ತು, ಬೇಜಾರು ಮಾಡ್ಕೋಬೇಡ. ಈ ಸಲ ಬೆಳಕು ನಮ್ಮ ಬೀದೀಲೇ ನಿಲ್ಲಬೇಕು.”

ಅತ್ತಿಗೆ ಮೇಜಿನ ಮೇಲಿದ್ದ ತಂತಿಯ ತುಂಡುಗಳನ್ನು ಒಟ್ಟುಮಾಡಿದರು.

“ದೀಪ ನಮ್ಮ ಕಂಬದಲ್ಲಿ, ಕತ್ತಲು ನಮ್ಮ ಮೆಟ್ಟಿಲಲ್ಲಿ. ನೀಲಾಂಬಿಕೆ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ದು ನಿನಗೆ ಗೊತ್ತೇ ಇದೆ. ಮೆಟ್ಟಿಲು ಅಂದರೆ ಈಗಲೂ ನಡುಗ್ತಾಳೆ. ನಿನ್ನ ಕೈಲಿ ಆಗಲ್ಲ ಅಂದರೆ ಹೇಳಿಬಿಡು, ಹೊರಗಿನವರಿಗೆ ವಹಿಸ್ತೀವಿ.”

ನೀಲಾಂಬಿಕೆ ಅವರ ಹೆಂಡತಿ. ಬಿದ್ದದ್ದು ಸುಳ್ಳಲ್ಲ. ಅತ್ತಿಗೆ, “ಯೋಚನೆ ಮಾಡಿ ಹೇಳ್ತೀನಿ ಮೇಷ್ಟ್ರೇ,” ಎಂದರು.

ಅವರು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: “ತವರಿಗೆ ಕತ್ಲು ಹಾಕೋ ಕೆಲಸ ಒಪ್ಕೋತೀರಾ ಅತ್ತಿಗೆ?”

“ಮಾಲಿಂಗ, ಕೇರೀಲಿ ನಮ್ಮವ್ವ ಮಲಗಿದ್ದು ನೀನು ಯಾವತ್ತಾದ್ರೂ ನೋಡಿದ್ದೀಯಾ?”

“ಇಲ್ಲ.”

“ನಾನೂ ನೋಡಿಲ್ಲ,” ಎಂದು ಅವರು ನಗರಕ್ಕೆ ಹೋಗುವ ಬಸ್ಸಿನ ಹೊತ್ತು ಕೇಳಿದರು.

ಸಾಮಾನು ತರುತ್ತಿದ್ದದ್ದು ದೂರದ ನಗರದ ಜಬ್ಬಾರ್ ಸಾಹೇಬರ ಸಗಟು ಮಳಿಗೆಯಿಂದ. ಅಲ್ಲಿ ಗೋಣಿಚೀಲದಲ್ಲಿ ಕಡಲೆ ಇಟ್ಟ ಹಾಗೆ ಡಬ್ಬಿಗಳಲ್ಲಿ ಎಲ್‌ಇಡಿ ಬಿಲ್ಲೆಗಳು. ಬಿಳಿ, ಅರೆಬಿಳಿ, ಅರಿಶಿನ ಬಣ್ಣದ್ದು. ಅದಕ್ಕೆ ತಕ್ಕ ಡ್ರೈವರ್, ಅಂದರೆ ಕರೆಂಟು ಏರಿಳಿದರೂ ಬಿಲ್ಲೆಗೆ ಹದವಾಗಿ ಉಣಿಸುವ ಪುಟ್ಟ ಪೆಟ್ಟಿಗೆ. ಬೆಳಕನ್ನು ಅಗಲಿಸುವ ಮಸೂರ, ಬಿಸಿ ಹೀರುವ ಅಲ್ಯೂಮಿನಿಯಂ ಕವಚ. ಹೊರಗೆ ಹಾಕುವ ದೀಪಕ್ಕೆ ಮೊದಲು ನೋಡಬೇಕಾದ್ದು ಕವಚದ ಬಾಯಿಗೆ ಕೂರಿಸುವ ರಬ್ಬರ್ ಪಟ್ಟಿ ಎಂದು ಅತ್ತಿಗೆ ಯಾವಾಗಲೂ ಹೇಳುತ್ತಿದ್ದರು. ಬೆಳಕು ಎಷ್ಟೇ ಚೆನ್ನಾಗಿದ್ದರೂ ಒಂದು ಮಳೆಗೆ ನೀರು ಕುಡಿದರೆ ಮುಗಿಯಿತು. ಪಟ್ಟಿಯನ್ನು ಉಗುರಿನಿಂದ ಒತ್ತಿ, ಎಳೆದು, ಮೂಸಿ ಸಹ ನೋಡುತ್ತಿದ್ದರು.

ಜಬ್ಬಾರ್ ಸಾಹೇಬರು ಒಂದು ದೀಪ ಹಚ್ಚಿ ತೋರಿಸಿದರು. “ಈ ಬಿಳೀದು ತಗೊಳ್ಳಿ ಬೆಹೆನ್. ಕರೆಂಟು ಕಮ್ಮಿ, ಬೆಳಕು ಜಾಸ್ತಿ. ನೋಡಿ, ಗೋಡೆ ತನಕ ಹೆಂಗೆ ಹೊಡೀತು!”

ಬೆಳಕು ನೆಟ್ಟಗೆ ಹೋಗಿ ಗೋಡೆಗೆ ಬಡಿಯಿತು. ಆ ಊರಲ್ಲಿ ಅದು ಹಾಗೆಯೇ. ಅಲ್ಲಿ ಎಷ್ಟು ನೋಡಿದರೂ ನಮಗೆ ಏನೂ ತಿಳಿಯುವಂತಿರಲಿಲ್ಲ. “ಒಂದೊಂದು ಸ್ಯಾಂಪಲ್ ಕೊಡಿ ಭಾಯ್, ಮನೇಲಿ ಹಚ್ಚಿ ನೋಡಿ ಹೇಳ್ತೀನಿ,” ಎಂದರು ಅತ್ತಿಗೆ. “ಬೆಳಕು ಎಲ್ಲಿ ಹಚ್ಚಿದ್ರೂ ಬೆಳಕೇ ಅಲ್ವಾ?” ಎಂದು ಸಾಹೇಬರು ನಕ್ಕರು, ಆದರೆ ಕೊಟ್ಟರು.

ಹಿತ್ತಿಲಲ್ಲಿ ಹಳೆಯ ಬಾಗಿಲೊಂದನ್ನು ಓರೆಯಾಗಿ ಇಟ್ಟು, ಮೇಲಿನ ತುದಿಗೆ ಒಂದೊಂದೇ ದೀಪ ಕಟ್ಟಿ ಸಂಜೆಯೆಲ್ಲ ನೋಡಿದೆವು. ಬಿಳಿಯ ಬೆಳಕು ಗಂಜಿಯ ತಿಳಿಯ ಹಾಗೆ ಸರ್ರನೆ ಜಾರಿ ಬುಡದಲ್ಲಿ ನಿಂತಿತು. ಹಲಗೆಯ ಮೇಲೆ ಬರೀ ಪಸೆ. ಅರಿಶಿನ ಬಣ್ಣದ್ದು ಜೇನಿನ ಹಾಗೆ ನಿಧಾನ. ಅದಕ್ಕೆ ಮಂಜುಗಾಜು ಮುಚ್ಚಿ, ಸುತ್ತ ಆಳದ ಅಂಚಿನ ಟೋಪಿ ಹಾಕಿದಾಗ ಬೆಳಕು ಬಿದ್ದಲ್ಲೇ ಹೆಪ್ಪುಗಟ್ಟಿ ಕೂತಿತು. ಬಾಗಿಲನ್ನು ಇನ್ನೂ ಓರೆ ಮಾಡಿದರೂ ಅಲುಗಲಿಲ್ಲ. ಅತ್ತಿಗೆ ಬೆರಳಲ್ಲಿ ಅದನ್ನು ಸ್ವಲ್ಪ ಕೆದಕಿ, “ಇದೇ,” ಎಂದರು.

ಸುದ್ದಿ ಹೊಂಡಕ್ಕೆ ತಲುಪಲು ಹೊತ್ತಾಗಲಿಲ್ಲ. ಅತ್ತಿಗೆಯ ತಮ್ಮ ತಿಪ್ಪೇಶ ಬಂದ. ಕೇರಿಯ ಮಗ್ಗಗಳಲ್ಲಿ ಮುಕ್ಕಾಲು ಪಾಲು ಅವನವು. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತ.

“ಅಕ್ಕಾ, ನಿಜಾನಾ?”

“ಒಳಗೆ ಬಾರೋ.”

“ಬರಲ್ಲ. ರಾತ್ರಿ ಮಗ್ಗ ನಿಂತರೆ ನಮ್ಮ ಕೇರಿ ಉಣ್ಣೋದು ಏನು?”

“ಅವ್ವ ಕಣ್ಣಿಗೆ ಬಟ್ಟೆ ಕಟ್ಕೊಂಡು ಗೋಡೆಗೆ ಒರಗಿ ಕೂತಿರ್ತಾಳಲ್ಲೋ ಬೆಳಗಾನ. ಅದು ನಿನಗೆ ಕಾಣಲ್ವಾ?”

“ಅವ್ವ ನಿದ್ದೆ ಮಾಡಿದ್ರೆ ಊರ ಹೊಟ್ಟೆ ತುಂಬುತ್ತಾ?”

ಅವನು ಹೋದ ಮೇಲೆ ಅತ್ತಿಗೆ ಒಂದು ಕವಚ ಕೈಗೆ ತೆಗೆದುಕೊಂಡು, ಅದರ ರಬ್ಬರ್ ಪಟ್ಟಿಯನ್ನು ಬಿಚ್ಚಿ ಮತ್ತೆ ಕೂರಿಸಿದರು. ಸರಿಯಾಗಿಯೇ ಕೂತಿತ್ತು.

ಮಳೆಗಾಲಕ್ಕೆ ಮೊದಲು ದೀಪಗಳು ಕಂಬ ಏರಿದವು. ಮೊದಲ ಸಂಜೆ ಮೇಲ್ಪೇಟೆಯಲ್ಲಿ ಬೆಳಕು ಬಿದ್ದಲ್ಲೇ ನಿಂತಿತು. ಜನ ಚಪ್ಪಲಿ ಬಿಟ್ಟು ಅದರಲ್ಲಿ ಅಡ್ಡಾಡಿದರು. ನೀಲಾಂಬಿಕೆಯವರು ಒಬ್ಬರೇ, ಯಾರ ಕೈಯೂ ಹಿಡಿಯದೆ, ಬೀದಿಯ ಮೆಟ್ಟಿಲು ಹತ್ತಿ ಇಳಿದರು, ಮತ್ತೆ ಹತ್ತಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡಿದ್ದನ್ನು ನಾನು ನೋಡಿದೆ. ನಡುಪೇಟೆಯಲ್ಲಿ ನಮಗೆ ಹಾದುಹೋಗುವ ಬೆಳಕೂ ಇಲ್ಲವಾಯಿತು. ನಾವು ಟಾರ್ಚು ಕೊಂಡೆವು. ಕೆಳಗೆ ಹೊಂಡದಲ್ಲಿ ಮಗ್ಗದ ಲಾಳಿಗಳು ನಡುದಾರಿಯಲ್ಲಿ ನಿಂತವಂತೆ. ಜನ ಇದ್ದಲ್ಲೇ ನಿಂತು ಒಬ್ಬರ ಹೆಸರು ಒಬ್ಬರು ಕೂಗಿಕೊಂಡರಂತೆ.

ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ತಿಪ್ಪೇಶ ಓಡೋಡಿ ಬಂದ. ಈ ಸಲ ಹೊಸ್ತಿಲು ದಾಟಿಯೇ ಬಂದ.

“ಅಕ್ಕಾ, ಅವ್ವ ಏಳ್ತಾ ಇಲ್ಲ.”

ಅತ್ತಿಗೆ ಚಪ್ಪಲಿ ಮೆಟ್ಟಲಿಲ್ಲ. ನಾನೂ ಹಿಂದೆ ಓಡಿದೆ. ಅತ್ತಿಗೆಯ ತಾಯಿ ಓಬವ್ವನ ಮನೆ ಕೇರಿಯಲ್ಲೇ ತಗ್ಗಿನದು. ಅಂಗಳ ತುಂಬ ಜನ. ಅಳುವವರು ಸೆರಗನ್ನು ಬಾಯಿಗೆ ತಂದುಕೊಂಡು ತಯಾರಾಗಿದ್ದರು. ಓಬವ್ವ ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಕಣ್ಣಿನ ಬಟ್ಟೆ ಕಳಚಿ ಪಕ್ಕದಲ್ಲಿತ್ತು. ಅತ್ತಿಗೆ ಬಾಗಿ ಮೂಗಿನ ಹತ್ತಿರ ಕಿವಿ ಇಟ್ಟರು. ಆಮೇಲೆ ಹಾಗೆಯೇ ನೆಲಕ್ಕೆ ಕುಳಿತರು.

“ಗೊರಕೆ ಹೊಡೀತವ್ಳೆ ಕಣೋ,” ಎಂದರು.

ಯಾರೂ ಎಬ್ಬಿಸಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ. ಹಾಗೆ ಮಲಗಿದ ಮನುಷ್ಯರನ್ನು ಆ ಕೇರಿಯಲ್ಲಿ ಅನೇಕರು ನೋಡಿರಲಿಲ್ಲ. ನಡುಮಧ್ಯಾಹ್ನ ಓಬವ್ವ ಕಣ್ಣು ಬಿಟ್ಟು, ಸುತ್ತ ಕೂತ ಜನರನ್ನು ನೋಡಿ ಗಾಬರಿಯಾಗಿ ಕೇಳಿದಳು: “ಯಾರು ಸತ್ತರು?”

ಜನ ನಕ್ಕು ಚದುರಿದರು. ಅತ್ತಿಗೆ ನೀರು ಕೊಟ್ಟರು. ಓಬವ್ವ ಕುಡಿದು, “ಕತ್ಲು ಕಣ್ಣಿಗೆ ಎಣ್ಣೆ ಹಚ್ಚಿದಂಗೆ ಇತ್ತು ಕಣೇ,” ಎಂದಳು. ಲೋಟ ಕೆಳಗಿಟ್ಟು, “ಇದು ನೀನು ಮಾಡಿದ್ದಾ?”

“ಹೂಂ ಅವ್ವ.”

“ನನ್ನ ಕೇಳ್ಬೇಕಿತ್ತು.”

“ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು.”

ಅತ್ತಿಗೆ ಲೋಟ ತೊಳೆದಿಟ್ಟು ಮನೆಗೆ ಬಂದರು.

ಕೇರಿಯ ರಾತ್ರಿಪಾಳಿ ನಿಂತಿತು. ಹಗಲಿಗೆ ಎಷ್ಟು ನೇಯಬಹುದೋ ಅಷ್ಟೇ. ಒಂದೆರಡು ಸಂಸಾರ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೋದವು. ತಿಪ್ಪೇಶ ಅಕ್ಕನ ಜೊತೆ ಮಾತು ಬಿಟ್ಟ. ನಮ್ಮ ಅಂಗಡಿಯ ಮುಂದೆ ಹಾಯಬೇಕಾದರೆ ಸುತ್ತಿನ ಓಣಿ ಹಿಡಿಯುತ್ತಿದ್ದ. ಓಬವ್ವ ಮಾತ್ರ ದಿನವೂ ಹೊತ್ತು ಮುಳುಗುತ್ತಲೇ ಉಂಡು ಮಲಗುತ್ತಿದ್ದಳು. ಕೇರಿಯ ಹೆಂಗಸರು ಮೊದಮೊದಲು ಅವಳನ್ನು ಬೈದರು, ಆಮೇಲೆ ತಾವೂ ಮಲಗಲು ಕಲಿತರು.

ಮೇಲ್ಪೇಟೆಯಲ್ಲಿ ಇನ್ನೊಂದು ಶುರುವಾಯಿತು. ನಿಂತ ಬೆಳಕು ನಿಂತೇ ಇತ್ತು. ದೀಪ ಆರಿಸಿದರೂ ಹೋಗಲಿಲ್ಲ. ನಿನ್ನೆಯದರ ಮೇಲೆ ಇವತ್ತಿನದು, ಅದರ ಮೇಲೆ ನಾಳಿನದು. ಕ್ರಮೇಣ ಅದಕ್ಕೆ ಪಾಚಿಯ ಬಣ್ಣ ಬಂತು, ಒದ್ದೆ ಹಿತ್ತಾಳೆಯಂಥ ವಾಸನೆ ಬಂತು. ಹುಳುಹುಪ್ಪಟೆ ಮುತ್ತಿದವು. ಕಿಟಕಿ ಮುಚ್ಚಿದರೆ ಸಂದಿಯಲ್ಲಿ ಬಂತು, ಹೊಸ್ತಿಲ ಮೇಲೇರಿ ಬಂತು. ಪೊರಕೆಯಿಂದ ಗುಡಿಸಿ ನೋಡಿದರು, ಅದು ಮುದ್ದೆಮುದ್ದೆಯಾಗಿ ಅಲ್ಲೇ ಹೊರಳಿತು. ನೀಲಾಂಬಿಕೆಯವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂರುತ್ತಾರೆಂದು ಹಾಲು ಹಾಕುವವಳು ಬಂದು ಹೇಳಿದಾಗ ಅತ್ತಿಗೆ ಕೈಲಿದ್ದ ತಂತಿ ಕೆಳಗಿಟ್ಟರು.

ಮೇಷ್ಟ್ರು ಬಂದಾಗ ಅವರ ಕಣ್ಣೂ ಕೆಂಪಾಗಿತ್ತು. “ಹೇಗಾದರೂ ಮಾಡಿ ಇದನ್ನ ಹರಿಸಿಬಿಡಮ್ಮ,” ಎಂದರು.

“ಹರಿಸಬಹುದು ಮೇಷ್ಟ್ರೇ. ಅರಿಶಿನದ ನಡುವೆ ಒಂದಷ್ಟು ಬಿಳಿ ಬಿಲ್ಲೆ ಹಾಕಿದ್ರೆ ಬೆಳಕು ತೆಳ್ಳಗಾಗುತ್ತೆ. ನಿಂತಿರೋದನ್ನೂ ಕೊಚ್ಕೊಂಡು ಹೋಗುತ್ತೆ.”

“ಹಾಗಿದ್ದರೆ ನಾಳೆಯೇ ಶುರು ಮಾಡು.”

“ಅದು ಹೋಗಿ ಸೇರೋದು ಕೆಳಗೆ. ಅವರನ್ನ ಕೇಳದೆ ಮಾಡಲ್ಲ. ಒಂದ್ಸಲ ಕೇಳದೆ ಮಾಡಿ ಆಯ್ತು.”

“ಬೆಳಕು ಬೇಡ ಅನ್ನೋರು ಯಾರಮ್ಮ ಇದ್ದಾರೆ?”

“ನೀವೇ ಬಂದು ಕೇಳಿ,” ಎಂದರು ಅತ್ತಿಗೆ.

ಮೇಷ್ಟ್ರು ಹೊಂಡದ ಕೇರಿಗೆ ಇಳಿದದ್ದು ಅದೇ ಮೊದಲು. ಅವರ ಶಾಲೆಗೆ ಹೋದ ಮಕ್ಕಳೆಲ್ಲ ಕೆಳಗಿಂದ ಮೇಲೆ ಹತ್ತಿ ಹೋದವರು. ಮೇಷ್ಟ್ರಿಗೆ ಇಳಿಯುವ ಕೆಲಸ ಬಿದ್ದಿರಲಿಲ್ಲ. ಓಬವ್ವನ ಜಗಲಿಯಲ್ಲಿ ಚಾಪೆ ಹಾಸಿದರು. ಕೇರಿ ಪೂರ್ತಿ ನೆರೆಯಿತು. ತಿಪ್ಪೇಶ ಅಕ್ಕನ ಕಡೆ ನೋಡದೆ, “ಕೇಳೋದೇನೈತೆ? ಪೂರಾ ಬಿಡಿ. ಮೊದಲು ಹೆಂಗಿತ್ತೋ ಹಂಗೆ,” ಎಂದ. ಗಂಡಸರಲ್ಲಿ ಕೆಲವರು ಹೌದು ಹೌದು ಎಂದರು.

ಊದುಬತ್ತಿ ಹೊಸೆಯುವ ರಹಮತ್‌ಬೀ ಹಿಂದಿನಿಂದ ಎದ್ದು ನಿಂತಳು. “ನನ್ನ ಕೂಸು ಹುಟ್ಟಿದಾಗಿಂದ ರಾತ್ರಿ ಅತ್ತಿದ್ದೇ ಅತ್ತಿದ್ದು. ಈಗ ಅಳ್ತಾ ಇಲ್ಲ. ಕಮ್ಮಿ ಹೊಸೀತೀನಿ, ಕಮ್ಮಿ ಉಣ್ತೀನಿ. ನನಗೆ ಮೊದಲಿನಂಗೆ ಬೇಡ.”

“ನಿನಗೆ ಬೇಡ ಅಂದ್ರೆ ಕಿಟಕಿ ಮುಚ್ಕೋ!” ಎಂದು ಗಂಡಸರಲ್ಲೊಬ್ಬ ಕೂಗಿದ.

“ಮುಚ್ಚಿದ್ರೆ ಯಾವತ್ತು ನಿಂತೈತೆ ಅದು? ನೀನೇ ಹೇಳಪ್ಪ!”

ಮಾತಿಗೆ ಮಾತು ಬೆಳೆಯಿತು. ಸ್ವಂತ ಅಣ್ಣತಮ್ಮಂದಿರು, ಗಂಡಹೆಂಡಿರು ಒಬ್ಬರಿಗೊಬ್ಬರು ಎದುರಾದರು. ಮೇಷ್ಟ್ರು ತರಗತಿಯಲ್ಲಿ ಮಾಡುತ್ತಿದ್ದಂತೆ ಕೈಯೆತ್ತಿದರು, ಯಾರೂ ಲೆಕ್ಕಿಸಲಿಲ್ಲ. ಅತ್ತಿಗೆ ಕಂಬಕ್ಕೆ ಒರಗಿ ನಿಂತಿದ್ದರು. ಅವರ ಮನಸ್ಸಿನಲ್ಲಿ ಒಂದು ಉಪಾಯ ಇತ್ತು, ನನಗೆ ಗೊತ್ತಿತ್ತು. ಹೇಳಿ ಎಂದು ಸನ್ನೆ ಮಾಡಿದೆ. ಅವರು ಬೇಡವೆಂದು ತಲೆಯಲ್ಲಾಡಿಸಿದರು.

ಕೊನೆಗೆ ಓಬವ್ವ, “ಉಣ್ಣೋ ಹೊತ್ತಿನ ತನಕ ಬರಲಿ. ಆಮೇಲೆ ಬೇಡ,” ಎಂದಳು. “ಅಲ್ಲಿ ತನಕ ನೇಯೋರು ನೇಯಲಿ, ಹೊಸೆಯೋರು ಹೊಸೀಲಿ. ಹಂಗೆ ಮಾಡಕ್ಕೆ ಬರುತ್ತೇನೇ, ಚಂಪಕ್ಕ?”

“ಬರುತ್ತೆ ಅವ್ವ. ಬಿಳಿ ಬಿಲ್ಲೆಗೆ ಬೇರೆ ಡ್ರೈವರ್, ಬೇರೆ ತಂತಿ ಕೊಟ್ರೆ ಆಯ್ತು. ಅದು ಆರಿದ್ರೆ ಮೇಲೆ ಅರಿಶಿನದ್ದು ಮಾತ್ರ ಉಳಿಯುತ್ತೆ. ಮಾರನೇ ಸಂಜೆ ಬಿಳಿ ಹತ್ತಿದಾಗ ಅದೂ ಹರಿಯುತ್ತೆ.”

“ಆರಿಸೋರು ಯಾರು?” ಎಂದರು ಮೇಷ್ಟ್ರು.

ಅತ್ತಿಗೆ ಅವರ ಕಡೆ ನೋಡಿದರು. “ಸ್ವಿಚ್ಚು ಇಲ್ಲೇ ಇರಲಿ ಅಂತ ನನ್ನ ಆಸೆ. ನೀವು ಒಪ್ಪಿದ್ರೆ.”

ಮೇಷ್ಟ್ರು ತಲೆಯೆತ್ತಿ ಮೇಲ್ಪೇಟೆಯ ಕಡೆ ನೋಡಿದರು. ಆಮೇಲೆ, “ಇರಲಿ,” ಎಂದರು. ಓಬವ್ವ ಅವರಿಗೆ ಮಜ್ಜಿಗೆ ತರಿಸಿಕೊಟ್ಟಳು.

ಜಬ್ಬಾರ್ ಸಾಹೇಬರು, “ಆವತ್ತು ಬಿಳಿ ಬೇಡ ಅಂದ್ರಿ, ಇವತ್ತು ಬಿಳೀನೇ ಬೇಕು ಅಂತೀರಿ. ಮನಸ್ಸಿಗೂ ಒಂದು ಡ್ರೈವರ್ ಕೊಡ್ಲಾ ಬೆಹೆನ್?” ಎಂದು ರೇಗಿಸಿದರು. ಕವಚಗಳನ್ನು ಒಂದೊಂದಾಗಿ ಕಂಬದಿಂದ ಇಳಿಸಿ, ಬಿಚ್ಚಿ, ಬಿಳಿ ಬಿಲ್ಲೆ ಸೇರಿಸಿ, ಮತ್ತೆ ಏರಿಸಿದೆವು. ಬಿಚ್ಚಿದ ಮೇಲೆ ಹಳೆಯ ರಬ್ಬರ್ ಪಟ್ಟಿ ಹಾಕಬಾರದೆಂದು ಅತ್ತಿಗೆ ಪ್ರತಿಯೊಂದಕ್ಕೂ ಹೊಸದು ತಂದಿದ್ದರು. ಬಿಳಿ ಹತ್ತಿದ ಮೊದಲ ಸಂಜೆ ಮೇಲಿನ ಪಾಚಿಬೆಳಕೆಲ್ಲ ಕದಡಿ, ನಮ್ಮ ಬೀದಿಯಲ್ಲಿ ಕೆಂಪುನೀರಿನ ಹಾಗೆ ಸುತ್ತಿಕೊಂಡು ಇಳಿಯಿತು. ನಮ್ಮ ಮನೆಯ ಗೋಡೆಗೆ ಅದರ ಕಲೆ ಉಳಿದಿದೆ. ಸುಣ್ಣ ಬಳಿದರೂ ಹೋಗಿಲ್ಲ. ಹೊಂಡದವರು ಬೆಳಿಗ್ಗೆ ಅದನ್ನು ಬಕೆಟ್ಟುಗಳಲ್ಲಿ ತುಂಬಿ ಹೊಲದ ಕಡೆ ಚೆಲ್ಲಿ ಬಂದರು. ಆಮೇಲೆ ಬಂದದ್ದು ತಿಳಿಯಾದ ಬೆಳಕು.

ಈಗ ಸಂಜೆ ಹತ್ತುತ್ತದೆ, ಊಟದ ಹೊತ್ತಿಗೆ ಓಬವ್ವನ ಗೋಡೆಯ ಸ್ವಿಚ್ಚು ಕೆಳಗಾಗುತ್ತದೆ. ಎಲ್ಲರಿಗೂ ತೃಪ್ತಿ ಎಂದು ಹೇಳಲಾರೆ. ಓಬವ್ವ ಬೇಗ ಉಂಡಳು ಎಂದು ಒಂದು ದಿನ ಜಗಳ, ಮರೆತು ಮಲಗಿದಳು ಎಂದು ಇನ್ನೊಂದು ದಿನ. ಮೆಟ್ಟಿಲ ಮೇಲೆ ಬೆಳಕು ಮೊದಲಿನಷ್ಟು ದಪ್ಪವಾಗಿಲ್ಲ ಎಂದು ನೀಲಾಂಬಿಕೆಯವರು ಕೋಲು ಹಿಡಿದೇ ಇಳಿಯುತ್ತಾರೆ, ಆದರೆ ಇಳಿಯುತ್ತಾರೆ. ಊರು ಬಿಟ್ಟ ಸಂಸಾರಗಳು ಮರಳಿ ಬರಲಿಲ್ಲ.

ತಿಪ್ಪೇಶ ಬಂದದ್ದು ಮಳೆ ಹಿಂತೆಗೆದ ಮೇಲೆ, ಒಂದು ಮಧ್ಯಾಹ್ನ. ಗಿರಾಕಿಗಳು ನಿಲ್ಲುವ ಕಡೆ ನಿಂತು, ನನ್ನನ್ನು ನೋಡಿಕೊಂಡು ಹೇಳಿದ: “ಒಂದು ದೀಪ ಬೇಕಿತ್ತು. ಒಂದೇ ಮಗ್ಗ ರಾತ್ರಿ ಓಡಿಸೋಣ ಅಂತ.”

ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಎದ್ದು ಬಂದು, ಬೇರೆ ಯಾವ ಗಿರಾಕಿಯನ್ನಾದರೂ ಕೇಳುವ ಹಾಗೆಯೇ ಕೇಳಿದರು: “ಹೊರಗೆ ಹಾಕೋದಾ, ಒಳಗಾ?”

“ಹೊರಗೆ. ಚಪ್ಪರದ ಕೆಳಗೆ.”

“ಇರಚಲು ಬಡಿಯುತ್ತಾ?”

“ಗಾಳಿ ಬಂದ್ರೆ ಬಡಿಯುತ್ತೆ.”

“ಬೆಳಕು ಎಲ್ಲಿ ತನಕ ಹೋಗ್ಬೇಕು?”

ತಿಪ್ಪೇಶ ನೆಲ ನೋಡಿದ. “ಮಗ್ಗ ದಾಟಬಾರದು. ಪಕ್ಕದಲ್ಲೇ ಅವ್ವ ಮಲಗಿರ್ತಾಳೆ.”

ಅತ್ತಿಗೆ ಒಳಗಿನ ಕಪಾಟಿನಿಂದ ಅರಿಶಿನ ಬಣ್ಣದ ಒಂದು ದೀಪ ತೆಗೆದರು. ಮಂಜುಗಾಜು, ಆಳದ ಟೋಪಿ. ಮೇಜಿನ ಮೇಲಿಟ್ಟು ಬಿಚ್ಚಿ, ಒಂದೇ ಒಂದು ಬಿಳಿ ಬಿಲ್ಲೆ ಕೂರಿಸುವಂತೆ ನನಗೆ ಹೇಳಿದರು, ಬೆಳಕು ಹಳಸದಿರಲಿ ಎಂದು. ನಾನು ಬೆಸುಗೆ ಹಾಕುತ್ತಿರುವಷ್ಟು ಹೊತ್ತೂ ಅಕ್ಕ ತಮ್ಮ ಇಬ್ಬರೂ ನನ್ನ ಕೈಯನ್ನೇ ನೋಡುತ್ತ ನಿಂತರು. ಅತ್ತಿಗೆ ಪಟ್ಟಿ ಕೂರಿಸಿ, ತಿರುಪು ಬಿಗಿದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಸ್ತಿಲ ತನಕ ಹೋಗಿ ತಿರುಗಿದ. “ಗ್ಯಾರಂಟಿ ಐತಾ ಇದಕ್ಕೆ?”

“ಕೆಟ್ರೆ ತಗೊಂಡು ಬಾ.”

“ಕೆಡದಿದ್ರೆ?”

“ಕೆಡದಿದ್ರೂ ಬಾ,” ಎಂದರು ಅತ್ತಿಗೆ.